ರಕ್ತಕಣವು ತನ್ನ ದಾರಿ ಹಿಡಿಯುವ ಬಗೆ

1994ರಲ್ಲಿ ನಾನು ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದೆ. ಒಂದು ಸಂಜೆ ಹಳ್ಳಿಯ ರೈತರೊಬ್ಬರು ತಮ್ಮ ಇಪ್ಪತ್ತೆರಡು ವರ್ಷದ ಮಗಳನ್ನು ಕರೆತಂದರು. ನಾಲ್ಕು ದಿನಗಳಿಂದ ಅವಳ ಒಸಡಿನಿಂದ ರಕ್ತ ಒಸರುತ್ತಿತ್ತು. ಪೆಟ್ಟೇನೂ ಬೀಳದಿದ್ದರೂ ತೋಳು, ತೊಡೆಗಳ ಮೇಲೆ ನೀಲಿಗಟ್ಟಿದ ಕಲೆಗಳಿದ್ದವು. ಪರೀಕ್ಷೆಗೆಂದು ಸೂಜಿ ಚುಚ್ಚಿದ ಜಾಗವನ್ನು ಹತ್ತಿಯಿಂದ ಅರ್ಧ ಗಂಟೆ ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. ಅಸ್ಥಿಮಜ್ಜೆಯ ಮಾದರಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಒಂದೇ ಬಗೆಯ ದೊಡ್ಡ ಕೋಶಗಳು ಕಿಕ್ಕಿರಿದಿದ್ದವು. ಅವುಗಳ ತುಂಬ ಕೆನ್ನೀಲಿ ಕಣಿಕೆಗಳಿದ್ದವು. ಕೆಲವು ಕೋಶಗಳಲ್ಲಿ ಸೂಜಿಯಂಥ ಕಡ್ಡಿಗಳು ಸೌದೆಯ ಹೊರೆಯಂತೆ ಒಟ್ಟಾಗಿ ಬಿದ್ದಿದ್ದವು. ರೋಗದ ಹೆಸರು ನಮಗೆ ತಿಳಿಯಿತು: ಅಕ್ಯೂಟ್ ಪ್ರೊಮೈಲೋಸಿಟಿಕ್ ಲ್ಯುಕೇಮಿಯಾ, ರಕ್ತದ ಕ್ಯಾನ್ಸರುಗಳಲ್ಲಿ ಅತಿ ವೇಗವಾಗಿ ಕೊಲ್ಲುವಂಥದ್ದು.

ವಿಷಯ ತಿಳಿಸಿದಾಗ ಆ ತಂದೆ ಕೇಳಿದ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ. "ಎಲುಬಿನಾಗ ಕಣ ತುಂಬಿ ತುಳಕ್ಯಾವ ಅಂತೀರಿ. ಮೈಯಾಗ ರಕ್ತ ಇಲ್ಲ, ಬಾಟ್ಲಿ ತರ್ರಿ ಅಂತೀರಿ. ಇದು ಹ್ಯಾಂಗ್ರೀ ಡಾಕ್ಟರ್ ಸಾಹೇಬ್ರ?"

"ಇದು ರಕ್ತದ ಕ್ಯಾನ್ಸರ್" ಎಂದೆ. ಅದು ಹೆಸರು ಮಾತ್ರ, ಉತ್ತರವಾಗಿರಲಿಲ್ಲ. ಮೂರನೆಯ ರಾತ್ರಿ ಮೆದುಳಿನಲ್ಲಿ ರಕ್ತಸ್ರಾವವಾಗಿ ಆ ಹುಡುಗಿ ತೀರಿಕೊಂಡಳು.

ಆ ತಂದೆಯ ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಕಾದರೆ ಅದಕ್ಕೂ ಹಿಂದಿನ ಪ್ರಶ್ನೆಯೊಂದನ್ನು ಕೇಳಿಕೊಳ್ಳಬೇಕು. ಮಜ್ಜೆಯಲ್ಲಿ ಹುಟ್ಟುವ ಒಂದು ಕೋಶವು ಕೆಂಪು ಕಣವಾಗಬೇಕೋ ಬಿಳಿ ಕಣವಾಗಬೇಕೋ ಎಂಬುದು ನಿರ್ಧಾರವಾಗುವುದು ಹೇಗೆ? ಹಿಡಿದ ದಾರಿಯನ್ನು ಅದು ಕೊನೆಯವರೆಗೆ ನಡೆಯುವಂತೆ ಮಾಡುವುದು ಯಾವುದು? ಕಳೆದ ಅರವತ್ತು ವರ್ಷಗಳಲ್ಲಿ ಈ ಬಗ್ಗೆ ತಿಳಿದುಬಂದಿರುವ ಮುಖ್ಯ ಸಂಗತಿಗಳನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಎಡೆಬಿಡದ ಉತ್ಪಾದನೆ

ವಯಸ್ಕರ ದೇಹದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹೊಸದಾಗಿ ತಯಾರಾಗುತ್ತವೆ. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳು, ಅಂದರೆ ಕಿರುಬಿಲ್ಲೆಗಳು, ಬದುಕುವುದು 7ರಿಂದ 10 ದಿನ. ಬ್ಯಾಕ್ಟೀರಿಯಾಗಳನ್ನು ನುಂಗಿ ಕೊಲ್ಲುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ರಕ್ತದಲ್ಲಿ ಸುತ್ತುವುದು ಕೆಲವೇ ಗಂಟೆಗಳ ಕಾಲ. ಇವೆಲ್ಲ ಸವೆದಂತೆಲ್ಲ ಮತ್ತೆ ತುಂಬಬೇಕು, ಅದೂ ಸರಿಯಾದ ಪ್ರಮಾಣದಲ್ಲಿ. ಗಾಯವಾಗಿ ರಕ್ತ ಹೋದಾಗ ಕೆಂಪು ಕಣಗಳು ಹೆಚ್ಚಬೇಕು. ಸೋಂಕು ತಗುಲಿದಾಗ ಬಿಳಿ ಕಣಗಳು ಹೆಚ್ಚಬೇಕು.

ಇಷ್ಟೆಲ್ಲಕ್ಕೂ ಮೂಲವಾಗಿರುವುದು ಅಸ್ಥಿಮಜ್ಜೆಯಲ್ಲಿರುವ ರಕ್ತದ ಆಕರಕೋಶಗಳು. ಪತ್ರಿಕೆಗಳಲ್ಲಿ ಇವನ್ನು ಕಾಂಡಕೋಶ ಎಂದೂ ಸ್ಟೆಮ್ ಸೆಲ್ ಎಂದೂ ಕರೆಯುವುದುಂಟು. ಆರೋಗ್ಯವಂತ ವಯಸ್ಕರೊಬ್ಬರ ರಕ್ತಕೋಶಗಳ ಜೀನ್‌ಗಳನ್ನು ಓದಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ರಕ್ತ ತಯಾರಿಕೆಯಲ್ಲಿ ತೊಡಗಿರುವ ಆಕರಕೋಶಗಳ ಸಂಖ್ಯೆ 50,000ದಿಂದ 2 ಲಕ್ಷದ ನಡುವೆ ಇರಬಹುದೆಂದು ಅಂದಾಜು ಮಾಡಿತು. ದಿನಕ್ಕೆ ಕೋಟ್ಯನುಕೋಟಿ ಕಣಗಳನ್ನು ಹಡೆಯುವ ಸಂತತಿಗೆ ಇದು ಬಹಳ ಚಿಕ್ಕ ಬಂಡವಾಳ. ಆಕರಕೋಶವು ತಾನೇ ವಿಭಜನೆಗೊಳ್ಳುವುದು ತಿಂಗಳುಗಳಿಗೊಮ್ಮೆ ಮಾತ್ರ. ಅದರ ಮಕ್ಕಳು, ಮೊಮ್ಮಕ್ಕಳು ಮತ್ತೆ ಮತ್ತೆ ಒಡೆದು ಸಂಖ್ಯೆಯನ್ನು ಹೆಚ್ಚಿಸುತ್ತವೆ.

ಆಕರಕೋಶದ ಲಕ್ಷಣಗಳು ಎರಡು. ತನ್ನಂಥದೇ ಮತ್ತೊಂದು ಆಕರಕೋಶವನ್ನು ಹುಟ್ಟಿಸಬಲ್ಲದು. ರಕ್ತದ ಎಲ್ಲ ಬಗೆಯ ಕಣಗಳಿಗೂ ಪೂರ್ವಜನಾಗಬಲ್ಲದು. ಈ ಪೂರ್ವಜನಲ್ಲಿಯೂ ಅದರ ಬಹುಪಾಲು ಸಂತತಿಯಲ್ಲಿಯೂ ಇರುವ ಜೀನ್‌ಗಳು ಒಂದೇ. ಕೆಂಪು ಕಣವಾಗುವ ಕೋಶವು ಹಿಮೋಗ್ಲೋಬಿನ್ನಿನ ಜೀನ್‌ಗಳನ್ನು ಬಳಸಿ, ಅದನ್ನೇ ಮೈತುಂಬ ತುಂಬಿಕೊಂಡು, ಕೊನೆಗೆ ತನ್ನ ಕೋಶಕೇಂದ್ರವನ್ನೇ ಹೊರಹಾಕುತ್ತದೆ. ನ್ಯೂಟ್ರೋಫಿಲ್ ಆಗುವ ಕೋಶವು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ರಾಸಾಯನಿಕಗಳನ್ನು ಕಣಿಕೆಗಳಲ್ಲಿ ಕೂಡಿಡುತ್ತದೆ. ಮನೆಯಲ್ಲಿರುವ ಅಡುಗೆ ಪುಸ್ತಕ ಒಂದೇ. ಯಾರು ಯಾವ ಪುಟ ತೆರೆದರು ಎಂಬುದರ ಮೇಲೆ ಬಡಿಸುವ ಪದಾರ್ಥ ಬೇರೆಯಾಗುತ್ತದೆ. ಕೋಶವು ಒಂದು ಬಗೆಯ ಕಣವಾಗುವ ದಾರಿಯನ್ನು ಹಿಡಿದು, ಉಳಿದವುಗಳನ್ನು ತೊರೆಯುವುದನ್ನು ಜೀವಶಾಸ್ತ್ರಜ್ಞರು 'ಬದ್ಧತೆ' ಎಂಬರ್ಥದ ಪದದಿಂದ ಕರೆಯುತ್ತಾರೆ.

ಟೊರಾಂಟೊದ ಇಲಿಗಳು

ನಾನು ಈಗ ನೆಲೆಸಿರುವ ಊರಿನಿಂದ ಟೊರಾಂಟೊ ಒಂದು ಗಂಟೆಯ ಹಾದಿ. ಆಕರಕೋಶದ ಅಸ್ತಿತ್ವಕ್ಕೆ ಪ್ರಯೋಗದ ಪುರಾವೆ ದೊರೆತದ್ದು ಅಲ್ಲಿಯೇ. ಒಂಟಾರಿಯೊ ಕ್ಯಾನ್ಸರ್ ಸಂಸ್ಥೆಯಲ್ಲಿ ಜೇಮ್ಸ್ ಟಿಲ್ ಎಂಬ ಜೀವಭೌತಶಾಸ್ತ್ರಜ್ಞ ಮತ್ತು ಅರ್ನೆಸ್ಟ್ ಮೆಕಲಕ್ ಎಂಬ ವೈದ್ಯ ಕೂಡಿ ಕೆಲಸ ಮಾಡುತ್ತಿದ್ದರು. ವಿಕಿರಣದಿಂದ ಮಜ್ಜೆ ನಾಶವಾದ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆಯ ಕೋಶಗಳನ್ನು ಚುಚ್ಚಿ, ಎಷ್ಟು ಕೋಶ ಕೊಟ್ಟರೆ ಇಲಿ ಬದುಕುತ್ತದೆ ಎಂದು ಲೆಕ್ಕ ಹಾಕುವುದು ಅವರ ಉದ್ದೇಶವಾಗಿತ್ತು. ಸುಮಾರು ಹತ್ತು ದಿನಗಳ ನಂತರ ನೋಡಿದಾಗ ಇಲಿಗಳ ಗುಲ್ಮದ ಮೇಲೆ ಸಣ್ಣ ಗಂಟುಗಳು ಎದ್ದಿದ್ದವು. ಚುಚ್ಚಿದ ಕೋಶಗಳು ಹೆಚ್ಚಾದಂತೆ ಗಂಟುಗಳೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತಿದ್ದವು. ಇದನ್ನು ಅವರು 1961ರಲ್ಲಿ ಪ್ರಕಟಿಸಿದರು.

ಪ್ರತಿ ಗಂಟೂ ಒಂದೇ ಕೋಶದಿಂದ ಬೆಳೆದದ್ದೇ? ಅದನ್ನು ತೋರಿಸಲು ಅವರ ಜೊತೆಗಾರ ಆಂಡ್ರ್ಯೂ ಬೆಕರ್ ವಿಕಿರಣದಿಂದ ಕೋಶಗಳ ವರ್ಣತಂತುಗಳಲ್ಲಿ ಗುರುತುಗಳನ್ನು ಮೂಡಿಸಿದರು. ವಿಕಿರಣದ ಏಟು ಒಂದೊಂದು ಕೋಶದಲ್ಲಿ ಒಂದೊಂದು ಬಗೆಯ ಗಾಯವನ್ನು ಬಿಡುತ್ತದೆ; ಸಂತತಿಯೆಲ್ಲ ಆ ಗಾಯದ ಕಲೆಯನ್ನೇ ಹೊತ್ತಿರುತ್ತದೆ. ಅಂಥ ಗುರುತಿದ್ದ ಗಂಟುಗಳಲ್ಲಿ ಒಂದೊಂದರೊಳಗೂ ಒಂದೇ ಗುರುತು ಕಂಡಿತು. ಹಾಗಿದ್ದೂ ಒಂದೇ ಗಂಟಿನಲ್ಲಿ ಕೆಂಪು ಕಣಗಳ ಸಂತತಿ, ಬಿಳಿ ಕಣಗಳ ಸಂತತಿ, ಪ್ಲೇಟ್‌ಲೆಟ್ ತಯಾರಿಸುವ ಕೋಶಗಳು, ಎಲ್ಲವೂ ಇದ್ದವು. 1963ರಲ್ಲಿ ಇದು ಪ್ರಕಟವಾದಾಗ, ಒಂದೇ ಕೋಶ ಹಲವು ಕುಲಗಳಿಗೆ ಮೂಲವಾಗಬಲ್ಲದೆಂಬುದು ಊಹೆಯಾಗಿ ಉಳಿಯಲಿಲ್ಲ.

ಮರುವರ್ಷ ಅವರು ಮತ್ತೊಂದು ಸಂಗತಿಯನ್ನು ಮುಂದಿಟ್ಟರು. ಹೊಸ ಗಂಟುಗಳನ್ನು ಹುಟ್ಟಿಸಬಲ್ಲ ಕೋಶಗಳು ಪ್ರತಿ ಗಂಟಿನಲ್ಲಿ ಎಷ್ಟಿವೆಯೆಂದು ಎಣಿಸಿದಾಗ, ಒಂದರಲ್ಲಿ ಏನೂ ಇಲ್ಲ, ಇನ್ನೊಂದರಲ್ಲಿ ಹತ್ತಾರು. ಎಲ್ಲ ಗಂಟುಗಳೂ ಒಂದೇ ಪರಿಸರದಲ್ಲಿ ಬೆಳೆದವು, ಆದರೂ ಇಷ್ಟು ಏರುಪೇರು. ಪ್ರತಿ ಕೋಶವೂ ಪ್ರತಿ ವಿಭಜನೆಯಲ್ಲಿ ಪಗಡೆಯ ದಾಳ ಎಸೆಯುತ್ತದೆ ಎಂದುಕೊಂಡರೆ ಮಾತ್ರ ಈ ಲೆಕ್ಕ ಹೊಂದುತ್ತಿತ್ತು. ಕೋಶದ ಭವಿಷ್ಯದಲ್ಲಿ ಆಕಸ್ಮಿಕಕ್ಕೂ ಪಾಲಿದೆ ಎಂಬ ಈ ಮಾತು ಮುಂದೆ ನಾಲ್ಕು ದಶಕಗಳ ವಾದಕ್ಕೆ ನಾಂದಿಯಾಯಿತು.

ಘಟ್ಟದ ಏಣಿನ ಮೇಲಿನ ಮಳೆಹನಿ

ಬ್ರಿಟನ್ನಿನ ಜೀವಶಾಸ್ತ್ರಜ್ಞ ಕಾನ್ರಾಡ್ ವ್ಯಾಡಿಂಗ್ಟನ್ 1957ರಲ್ಲಿ ಕೋಶದ ಬೆಳವಣಿಗೆಯನ್ನು ಒಂದು ಚಿತ್ರದಲ್ಲಿ ತೋರಿಸಿದ. ಬೆಟ್ಟದ ತುದಿಯಲ್ಲಿ ಒಂದು ಗೋಲಿ. ಕೆಳಗೆ ಇಳಿಜಾರಿನಲ್ಲಿ ಕವಲೊಡೆಯುತ್ತ ಹೋಗುವ ಕಣಿವೆಗಳು. ಗೋಲಿ ಉರುಳುತ್ತ ಯಾವುದೋ ಒಂದು ಕಣಿವೆಯನ್ನು ಸೇರುತ್ತದೆ. ಕೆಳಗಿಳಿದಷ್ಟೂ ಪಕ್ಕದ ಕಣಿವೆಗೆ ಹಾರುವುದು ಕಷ್ಟವಾಗುತ್ತದೆ.

ಮಲೆನಾಡನ್ನು ಬಲ್ಲವರಿಗೆ ಇದು ಅಪರಿಚಿತ ಚಿತ್ರವಲ್ಲ. ಸಕಲೇಶಪುರದ ಸೀಮೆಯಲ್ಲಿ ಘಟ್ಟದ ಏಣಿನ ಮೇಲೆ ಬೀಳುವ ಮಳೆಹನಿಗಳಲ್ಲಿ ಪಶ್ಚಿಮಕ್ಕೆ ಜಾರಿದ್ದು ನೇತ್ರಾವತಿಯ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಜಾರಿದ್ದು ಹೇಮಾವತಿ, ಕಾವೇರಿಗಳನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಏಣಿನ ಮೇಲೆ ಇಬ್ಬರ ನಡುವಿನ ಅಂತರ ಗೇಣುದ್ದ. ಗಾಳಿ ತುಸು ತಳ್ಳಿದರೂ ಸಾಕು. ಆದರೆ ಶ್ರೀರಂಗಪಟ್ಟಣದವರೆಗೆ ಹರಿದ ಹನಿಯನ್ನು ಮಂಗಳೂರಿಗೆ ಕಳಿಸುವುದು ಸುಲಭವಲ್ಲ.

ಕೋಶದೊಳಗೆ ಈ ಏಣು ಯಾವುದು? ಜೀನ್‌ಗಳನ್ನು ತೆರೆಯುವ, ಮುಚ್ಚುವ ಕೆಲಸ ಮಾಡುವ ಪ್ರೋಟೀನ್‌ಗಳಿವೆ. ಇವನ್ನು ನಿಯಂತ್ರಕ ಪ್ರೋಟೀನ್ ಎಂದು ಕರೆಯೋಣ. ರಕ್ತದ ವಿಷಯದಲ್ಲಿ ಎರಡು ಹೆಸರುಗಳು ಮುಖ್ಯ. ಗಾಟಾ-1 ಎಂಬುದು ಕೆಂಪು ಕಣ ಮತ್ತು ಪ್ಲೇಟ್‌ಲೆಟ್‌ಗಳ ಜೀನ್‌ಗಳನ್ನು ತೆರೆಯುತ್ತದೆ. ಪಿಯು.1 ಎಂಬುದು ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್ ಮುಂತಾದ ಬಿಳಿ ಕಣಗಳ ಜೀನ್‌ಗಳನ್ನು ತೆರೆಯುತ್ತದೆ. ಇವೆರಡೂ ಪರಸ್ಪರ ಅಂಟಿಕೊಂಡು ಒಂದರ ಕೆಲಸವನ್ನು ಇನ್ನೊಂದು ತಡೆಯುತ್ತವೆ. ಜೊತೆಗೆ ತಮ್ಮ ತಮ್ಮ ಉತ್ಪಾದನೆಯನ್ನು ತಾವೇ ಹೆಚ್ಚಿಸಿಕೊಳ್ಳುತ್ತವೆ. ಇಂಥ ಏರ್ಪಾಡಿನಲ್ಲಿ ಸಮಬಲ ಹೆಚ್ಚು ಕಾಲ ನಿಲ್ಲದು. ಒಂದರ ಕೈ ಸ್ವಲ್ಪ ಮೇಲಾದರೂ ಅದು ಇನ್ನಷ್ಟು ಬಲಿಯುತ್ತದೆ, ಇನ್ನೊಂದು ಅಡಗುತ್ತದೆ.

ಹಾಗಾದರೆ ದಾರಿ ಹಿಡಿಯುವ ಮೊದಲು ಕೋಶವು ಖಾಲಿ ಹಲಗೆಯಂತೆ ಇರುತ್ತದೆಯೇ? ಬ್ರಿಟನ್ನಿನ ಟಾರಿಕ್ ಎನ್ವರ್ ಮತ್ತು ಸಹೋದ್ಯೋಗಿಗಳು 1997ರಲ್ಲಿ ಒಂಟಿ ಕೋಶಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ, ಹಾಗಲ್ಲವೆಂದು ತೋರಿಸಿದರು. ಇನ್ನೂ ಬದ್ಧವಾಗದ ಕೋಶದಲ್ಲಿ ಕೆಂಪು ಕಣದ ಜೀನ್‌ಗಳೂ ಬಿಳಿ ಕಣದ ಜೀನ್‌ಗಳೂ ಒಟ್ಟಿಗೇ, ಆದರೆ ಮೆಲುದನಿಯಲ್ಲಿ, ಕೆಲಸ ಮಾಡುತ್ತಿರುತ್ತವೆ. ಬದ್ಧತೆಯೆಂದರೆ ಮೌನದಿಂದ ಹೊಸ ಸ್ವರ ಹುಟ್ಟುವುದಲ್ಲ. ಹಲವು ಸ್ವರಗಳಲ್ಲಿ ಒಂದು ಗಟ್ಟಿಯಾಗಿ ಉಳಿದವು ಅಡಗುವುದು.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಗಾಟಾ-1, ಪಿಯು.1ಗಳ ಕುಸ್ತಿಯಲ್ಲಿ ಆಕಸ್ಮಿಕವಾಗಿ ಗೆದ್ದವರೇ ಮೊದಲ ನಿರ್ಧಾರವನ್ನು ಮಾಡುತ್ತಾರೆಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿದವು. 2016ರಲ್ಲಿ ಟಿಮ್ ಶ್ರೋಡರ್ ಅವರ ತಂಡ ಈ ಎರಡೂ ಪ್ರೋಟೀನ್‌ಗಳಿಗೆ ಹೊಳೆಯುವ ಗುರುತು ಅಂಟಿಸಿ, ಜೀವಂತ ಕೋಶಗಳನ್ನು ಹಲವು ದಿನಗಳ ಕಾಲ ಎಡೆಬಿಡದೆ ಗಮನಿಸಿತು. ಅವರು ನಿರೀಕ್ಷಿಸಿದ ಕುಸ್ತಿ ಕಾಣಲಿಲ್ಲ. ಗಾಟಾ-1 ಎದ್ದುಕಾಣುವ ಹೊತ್ತಿಗೆ ನಿರ್ಧಾರ ಆಗಿಹೋಗಿತ್ತು. ಅಂದರೆ ಈ ಜೋಡಿ ದಾರಿಯನ್ನು ಗಟ್ಟಿಮಾಡುತ್ತದೆ, ಆದರೆ ಮೊದಲ ಹೆಜ್ಜೆಗೆ ಇನ್ನೂ ಹಿಂದಿನ ಕಾರಣಗಳಿರಬೇಕು.

ಅಪ್ಪಣೆಯೋ, ಆಕಸ್ಮಿಕವೋ

ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ ಎಂದು ನಮ್ಮಲ್ಲೊಂದು ಗಾದೆ. ಕೋಶದ ವಿಷಯದಲ್ಲಿ ವಿಜ್ಞಾನಿಗಳು ಕೇಳುತ್ತ ಬಂದದ್ದೂ ಇದನ್ನೇ. ದೇಹದಿಂದ ಬರುವ ಹಾರ್ಮೋನುಗಳು ಕೋಶಕ್ಕೆ "ನೀನು ಕೆಂಪು ಕಣವಾಗು" ಎಂದು ಅಪ್ಪಣೆ ಮಾಡುತ್ತವೆಯೇ? ಅಥವಾ ಕೋಶವು ತನ್ನಷ್ಟಕ್ಕೆ ದಾರಿ ಹಿಡಿದ ಮೇಲೆ, ಅದು ಬದುಕಿ ಉಳಿಯಲು ಮಾತ್ರ ನೆರವಾಗುತ್ತವೆಯೇ?

ಎರಿತ್ರೊಪೊಯೆಟಿನ್ ಒಳ್ಳೆಯ ನಿದರ್ಶನ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಮೂತ್ರಪಿಂಡಗಳು ಈ ಹಾರ್ಮೋನನ್ನು ಸ್ರವಿಸುತ್ತವೆ. ಕೆಂಪು ಕಣಗಳು ಹೆಚ್ಚುತ್ತವೆ. ಮೂತ್ರಪಿಂಡ ಸೋತು ಡಯಾಲಿಸಿಸ್‌ನಲ್ಲಿರುವ ರೋಗಿಗಳಿಗೆ ನಾವು ಇದನ್ನೇ ಚುಚ್ಚುಮದ್ದಾಗಿ ಕೊಡುತ್ತೇವೆ. ಮೇಲ್ನೋಟಕ್ಕೆ ಇದು ಅಪ್ಪಣೆಯೇ. ಆದರೆ 1995ರಲ್ಲಿ ಅಮೆರಿಕದ ಹಾರ್ವಿ ಲೋಡಿಶ್ ಅವರ ಪ್ರಯೋಗಾಲಯವು ಈ ಹಾರ್ಮೋನಾಗಲಿ ಅದರ ಗ್ರಾಹಕವಾಗಲಿ ಇಲ್ಲದ ಇಲಿಭ್ರೂಣಗಳನ್ನು ಪರೀಕ್ಷಿಸಿತು. ಕೆಂಪು ಕಣವಾಗಲು ಬದ್ಧವಾದ ಎಳೆಯ ಕೋಶಗಳು ಅವುಗಳಲ್ಲಿಯೂ ಹುಟ್ಟಿದ್ದವು. ಆದರೆ ಮುಂದೆ ಬೆಳೆಯಲಾರದೆ ಸತ್ತವು, ಭ್ರೂಣಗಳೂ ಉಳಿಯಲಿಲ್ಲ. ಹೀಗಾಗಿ ಎರಿತ್ರೊಪೊಯೆಟಿನ್ ಬೀಜ ಬಿತ್ತುವುದಿಲ್ಲ, ಹುಟ್ಟಿದ ಪೈರಿಗೆ ನೀರು ಹಾಯಿಸುತ್ತದೆ.

ಬಿಳಿ ಕಣಗಳ ಮಾತು ಬೇರೆ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಡೊನಾಲ್ಡ್ ಮೆಟ್‌ಕಾಫ್ ದಶಕಗಳ ಕಾಲ ದುಡಿದು ಬಿಳಿ ಕಣಗಳನ್ನು ಬೆಳೆಸುವ ಹಾರ್ಮೋನುಗಳನ್ನು ಗುರುತಿಸಿದರು. ಕ್ಯಾನ್ಸರ್ ಚಿಕಿತ್ಸೆಯ ನಂತರ ಬಿಳಿ ಕಣ ಕುಸಿದವರಿಗೆ ಇಂದು ಕೊಡುವ ಚುಚ್ಚುಮದ್ದು ಆ ದುಡಿಮೆಯ ಫಲ. ಅಂಥ ಎರಡು ಹಾರ್ಮೋನುಗಳನ್ನು ಶ್ರೋಡರ್ ಅವರ ತಂಡವೇ 2009ರಲ್ಲಿ ಒಂಟಿ ಕೋಶಗಳ ಮೇಲೆ ಬೇರೆ ಬೇರೆಯಾಗಿ ಪ್ರಯೋಗಿಸಿತು. ಕೋಶಗಳನ್ನು ಸತತವಾಗಿ ನೋಡುತ್ತಿದ್ದುದರಿಂದ, "ಒಪ್ಪದ ಕೋಶಗಳು ಸತ್ತು ಒಪ್ಪಿದವು ಉಳಿದಿರಬೇಕು" ಎಂಬ ಆಕ್ಷೇಪಕ್ಕೆ ಎಡೆಯಿರಲಿಲ್ಲ. ಒಂದು ಹಾರ್ಮೋನು ಕೊಟ್ಟಾಗ ಕೋಶಗಳು ಮ್ಯಾಕ್ರೋಫೇಜ್ ದಾರಿಗೂ ಇನ್ನೊಂದು ಕೊಟ್ಟಾಗ ನ್ಯೂಟ್ರೋಫಿಲ್ ದಾರಿಗೂ ಹೊರಳಿದವು. ಇಲ್ಲಿ ನಿಜವಾಗಿಯೂ ಅಪ್ಪಣೆಯಿತ್ತು.

ಎರಡೂ ಪಕ್ಷಗಳು ತಮ್ಮ ತಮ್ಮ ಮಟ್ಟಿಗೆ ಸರಿ. ಕೋಶದೊಳಗಿನ ಏರಿಳಿತಗಳು ಅದನ್ನು ಒಂದು ಕಡೆಗೆ ವಾಲಿಸುತ್ತವೆ. ಹೊರಗಿನ ಹಾರ್ಮೋನು, ಮಜ್ಜೆಯ ನೆರೆಹೊರೆ, ಸೋಂಕು ಮುಂತಾದವು ಆ ವಾಲುವಿಕೆಯನ್ನು ಹೆಚ್ಚು ಕಡಿಮೆ ಮಾಡುತ್ತವೆ.

ಮುಚ್ಚುವ ಬಾಗಿಲುಗಳು, ಕಾಯುವ ಕಾವಲುಗಾರರು

ನಾನು ಓದುವಾಗ ಗೋಡೆಯ ಮೇಲೆ ರಕ್ತದ ವಂಶವೃಕ್ಷದ ಪಟವೊಂದಿತ್ತು. ಮೇಲೆ ಆಕರಕೋಶ, ಕೆಳಗೆ ಎರಡು ಕೊಂಬೆ, ಅವುಗಳಿಂದ ಮತ್ತೆರಡು. ಪ್ರತಿ ಕವಲಿನಲ್ಲಿ ಒಂದು ಅಚ್ಚುಕಟ್ಟಾದ ನಿರ್ಧಾರ. ಆ ಪಟ ಈಗ ಬಹುಮಟ್ಟಿಗೆ ಬದಲಾಗಿದೆ. ಕೆಲವು ಆಕರಕೋಶಗಳು ಮೊದಲಿನಿಂದಲೇ ಪ್ಲೇಟ್‌ಲೆಟ್‌ಗಳ ಕಡೆಗೆ ವಾಲಿರುತ್ತವೆಂದು 2013ರಲ್ಲಿ ಇಲಿಗಳಲ್ಲಿ ಕಂಡುಬಂತು. ಟೊರಾಂಟೊದ ಜಾನ್ ಡಿಕ್ ಅವರ ತಂಡವು 2016ರಲ್ಲಿ, ವಯಸ್ಕರ ಮಜ್ಜೆಯಲ್ಲಿ ನಡುಹಂತದ ಬಹುಮುಖಿ ಕೋಶಗಳು ತೀರ ವಿರಳವೆಂದೂ, ಹೆಚ್ಚಿನವು ಬಹು ಬೇಗ ಒಂದೇ ದಾರಿಗೆ ಸೇರಿರುತ್ತವೆಂದೂ ತೋರಿಸಿತು. ಮೆಟ್ಟಿಲುಗಳಿಗಿಂತ ಇಳಿಜಾರೇ ಹೆಚ್ಚು ಸರಿಯಾದ ಹೋಲಿಕೆ.

ಇಳಿಯುವಾಗ ಆಗುವುದೇನೆಂದರೆ, ಬೇಡದ ಜೀನ್‌ಗಳಿರುವ ಡಿಎನ್‌ಎ ಭಾಗಗಳು ಪ್ರೋಟೀನುಗಳ ಸುತ್ತ ಬಿಗಿಯಾಗಿ ಸುತ್ತಿಕೊಳ್ಳುತ್ತವೆ, ರಾಸಾಯನಿಕ ಮುದ್ರೆಗಳನ್ನು ಒತ್ತಿಸಿಕೊಳ್ಳುತ್ತವೆ. ಜೀನ್ ಅಳಿದುಹೋಗುವುದಿಲ್ಲ, ಅದರ ಬಾಗಿಲು ಮುಚ್ಚುತ್ತದೆ. ಕೋಶ ಒಡೆದಾಗ ಈ ಮುಚ್ಚಿದ ಸ್ಥಿತಿಯೂ ಮಗಳು ಕೋಶಗಳಿಗೆ ಬರುತ್ತದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಮಾತು ಕೋಶಕ್ಕೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ? ಎರಡು ಪ್ರಯೋಗಗಳನ್ನು ಹೇಳಬೇಕು. ಬಿ-ಲಿಂಫೋಸೈಟ್ ಎಂಬುದು ಪ್ರತಿಕಾಯಗಳನ್ನು ತಯಾರಿಸುವ ಬಿಳಿ ಕಣ. ಅದರ ದಾರಿಯನ್ನು ಕಾಯುವ ನಿಯಂತ್ರಕ ಪ್ರೋಟೀನು ಪ್ಯಾಕ್ಸ್-5. ವಿಯೆನ್ನಾದ ಮೈನ್‌ರಾಡ್ ಬುಸ್ಲಿಂಗರ್ ಅವರ ತಂಡ 1999ರಲ್ಲಿ, ಪ್ಯಾಕ್ಸ್-5 ಇಲ್ಲದ ಎಳೆಯ ಬಿ ಕೋಶಗಳು ಮ್ಯಾಕ್ರೋಫೇಜ್ ಮುಂತಾದ ಬೇರೆ ಕಣಗಳಾಗಬಲ್ಲವೆಂದು ತೋರಿಸಿತು. 2007ರಲ್ಲಿ ಅವರು ಪೂರ್ತಿ ಬಲಿತ ಬಿ ಕೋಶಗಳಿಂದಲೇ ಆ ಪ್ರೋಟೀನನ್ನು ತೆಗೆದರು. ಕೋಶಗಳು ಹಿಂದಕ್ಕೆ ಸರಿದು, ಟಿ-ಲಿಂಫೋಸೈಟ್‌ಗಳಾಗುವ ಶಕ್ತಿಯನ್ನು ಮರಳಿ ಪಡೆದವು. ಅದೇ ಇಲಿಗಳಲ್ಲಿ ಕ್ಯಾನ್ಸರ್ ಕೂಡ ಹುಟ್ಟಿತು. ಇವೆರಡರ ನಡುವೆ 2004ರಲ್ಲಿ ಥಾಮಸ್ ಗ್ರಾಫ್ ಮತ್ತು ಸಂಗಡಿಗರು ಬಿ ಕೋಶಗಳಿಗೆ ಬೇರೊಂದು ನಿಯಂತ್ರಕ ಪ್ರೋಟೀನನ್ನು ಸೇರಿಸಿ, ಅವನ್ನು ಮ್ಯಾಕ್ರೋಫೇಜ್‌ಗಳನ್ನಾಗಿ ಪರಿವರ್ತಿಸಿದ್ದರು.

ಮರವೂ ಬಗ್ಗುತ್ತದೆ, ಆದರೆ ಪ್ರಯೋಗಾಲಯದ ಬಲವಂತದಿಂದ. ಬದ್ಧತೆಯ ಬಗ್ಗೆ ನಾನು ಓದಿದ್ದರಲ್ಲಿ ನನ್ನ ಮನಸ್ಸಿಗೆ ಹೆಚ್ಚು ನಾಟಿದ ಪಾಠ ಇದು. ಕೋಶವು ಒಮ್ಮೆ ನಿರ್ಧರಿಸಿ ಮರೆತುಬಿಡುವುದಿಲ್ಲ. ತಾನು ಏನಾಗಿದೆಯೋ ಅದಾಗಿಯೇ ಉಳಿಯಲು ಅದು ದಿನವೂ ದುಡಿಯಬೇಕು. ಕಾವಲು ತಪ್ಪಿದಾಗ ದಾರಿಯೂ ತಪ್ಪುತ್ತದೆ.

ನಡುದಾರಿಯಲ್ಲಿ ನಿಂತವರು

ಈಗ ಆ ರೈತರ ಪ್ರಶ್ನೆಗೆ ಮರಳಬಹುದು. ನ್ಯೂಟ್ರೋಫಿಲ್ ಆಗುವ ದಾರಿಯಲ್ಲಿ ಪ್ರೊಮೈಲೋಸೈಟ್ ಎಂಬ ಹಂತವಿದೆ. ಕೋಶವು ಆಗಲೇ ಬಿಳಿ ಕಣದ ದಾರಿಗೆ ಬದ್ಧವಾಗಿದೆ, ಕಣಿಕೆಗಳನ್ನು ತುಂಬಿಕೊಂಡಿದೆ, ಆದರೆ ಇನ್ನೂ ಬಲಿತಿಲ್ಲ. ಆರೋಗ್ಯವಂತರಲ್ಲಿ ಅದು ಕೆಲವೇ ದಿನಗಳಲ್ಲಿ ಬಲಿತು, ರಕ್ತಕ್ಕಿಳಿದು, ತನ್ನ ಕೆಲಸ ಮಾಡಿ ಸಾಯುತ್ತದೆ. ಆ ಹುಡುಗಿಯ ಮಜ್ಜೆಯಲ್ಲಿದ್ದ ಕೋಶಗಳೆಲ್ಲ ಈ ಹಂತದಲ್ಲಿಯೇ ನಿಂತುಬಿಟ್ಟಿದ್ದವು. ಮುಂದೆ ಹೋಗಲಾರವು, ಸಾಯಲಾರವು, ಒಡೆದು ಹೆಚ್ಚುವುದನ್ನು ಮಾತ್ರ ಬಲ್ಲವು. ಮಜ್ಜೆಯಲ್ಲಿ ಬೇರೆ ಕಣಗಳಿಗೆ ಜಾಗವೇ ಉಳಿಯಲಿಲ್ಲ. ಎಲುಬಿನಲ್ಲಿ ಕಣ ತುಂಬಿ ತುಳುಕಿದರೂ ಮೈಯಲ್ಲಿ ರಕ್ತವಿಲ್ಲದಿರುವುದು ಹೀಗೆ. ಅದಲ್ಲದೆ ಈ ಅರೆಬಲಿತ ಕೋಶಗಳಿಂದ ಹೊರಬೀಳುವ ವಸ್ತುಗಳು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತವೆ. ಅದರಿಂದಲೇ ಆ ನಿಲ್ಲದ ರಕ್ತಸ್ರಾವ.

ಕೋಶಗಳನ್ನು ನಿಲ್ಲಿಸಿದ್ದು ಯಾವುದು? 1957ರಲ್ಲಿ ನಾರ್ವೆಯ ಲೈಫ್ ಹಿಲ್ಲೆಸ್ಟಾಡ್ ಮೂವರು ರೋಗಿಗಳ ವಿವರ ಕೊಟ್ಟು ಇದೊಂದು ಪ್ರತ್ಯೇಕ ರೋಗವೆಂದು ಗುರುತಿಸಿದರು. 1977ರಲ್ಲಿ ಷಿಕಾಗೋದ ಜ್ಯಾನೆಟ್ ರೌಲಿ ಮತ್ತು ಸಹೋದ್ಯೋಗಿಗಳು ಈ ರೋಗಿಗಳಲ್ಲಿ 15 ಮತ್ತು 17ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುವುದನ್ನು ಕಂಡರು. 1990ರ ಸುಮಾರಿಗೆ ಆ ಜಾಗದ ಜೀನ್‌ಗಳು ತಿಳಿದವು. ಎ ಜೀವಸತ್ವದಿಂದ ಹುಟ್ಟುವ ರೆಟಿನೋಯಿಕ್ ಆಮ್ಲವನ್ನು ಗ್ರಹಿಸುವ ಪ್ರೋಟೀನೊಂದರ ಜೀನು ಪಿಎಂಎಲ್ ಎಂಬ ಬೇರೊಂದು ಜೀನಿಗೆ ಬೆಸೆದುಕೊಂಡಿತ್ತು. ಬೆಸುಗೆಯಿಂದ ಹುಟ್ಟಿದ ಪ್ರೋಟೀನು, ಕೋಶ ಬಲಿಯಲು ತೆರೆಯಬೇಕಾದ ಜೀನ್‌ಗಳ ಬಾಗಿಲಿಗೆ ಬೀಗ ಹಾಕಿ ಕೂರುತ್ತದೆ.

ಬೀಗದ ಕಥೆ ತಿಳಿಯುವ ಮೊದಲೇ ಕೀಲಿಕೈ ಸಿಕ್ಕಿತ್ತು. ಶಾಂಘೈ ನಗರದ ವಾಂಗ್ ಝೆನ್‌ಯಿ ಎಂಬ ವೈದ್ಯರು, ಕ್ಯಾನ್ಸರ್ ಕೋಶವನ್ನು ಕೊಲ್ಲುವ ಬದಲು ಬಲಿಯುವಂತೆ ಮಾಡಲಾಗದೇ ಎಂದು ಯೋಚಿಸುತ್ತಿದ್ದರು. ರೆಟಿನೋಯಿಕ್ ಆಮ್ಲವು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಈ ಕೋಶಗಳನ್ನು ಬಲಿಯಿಸುತ್ತದೆಂಬುದು ಅದಾಗಲೇ ತಿಳಿದಿತ್ತು. 1985ರಲ್ಲಿ ಅವರು ಅದರ ಒಂದು ರೂಪವನ್ನು, ಇಂದು ವೈದ್ಯರು ಎಟ್ರಾ ಎನ್ನುವ ಔಷಧವನ್ನು, ಬದುಕುವ ಆಸೆಯಿಲ್ಲದಿದ್ದ ಒಬ್ಬ ಪುಟ್ಟ ಹುಡುಗಿಗೆ ಕೊಟ್ಟರು. ಅವಳು ಚೇತರಿಸಿಕೊಂಡಳು. 1988ರಲ್ಲಿ ಅವರ ತಂಡ 24 ರೋಗಿಗಳ ವರದಿ ಪ್ರಕಟಿಸಿತು. ಎಲ್ಲರಲ್ಲಿಯೂ ರೋಗ ಹಿಮ್ಮೆಟ್ಟಿತ್ತು.

ಎರಡನೆಯ ಔಷಧವೂ ಚೀನಾದ್ದೇ. ಹಾರ್ಬಿನ್ ನಗರದ ವೈದ್ಯರು ಪರಂಪರೆಯ ಮದ್ದೊಂದರಿಂದ ಹೊರಟು ಆರ್ಸೆನಿಕ್ ಟ್ರೈಆಕ್ಸೈಡನ್ನು, ಅಂದರೆ ನಮ್ಮ ಹಿರಿಯರು ಬಲ್ಲ ಬಿಳಿ ಪಾಷಾಣವನ್ನು, ಬಳಸತೊಡಗಿದರು. ರೆಟಿನೋಯಿಕ್ ಆಮ್ಲ ಬೆಸುಗೆ ಪ್ರೋಟೀನಿನ ಒಂದು ತುದಿಯನ್ನು ಹಿಡಿದರೆ, ಆರ್ಸೆನಿಕ್ ಇನ್ನೊಂದು ತುದಿಯನ್ನು ಹಿಡಿಯುತ್ತದೆ. ಎರಡೂ ಸೇರಿ ಅದನ್ನು ನಾಶಮಾಡುತ್ತವೆ. ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಆರ್ಸೆನಿಕ್ ಒಂದನ್ನೇ ಕೊಟ್ಟು ಹೆಚ್ಚಿನ ರೋಗಿಗಳನ್ನು ಬಹುಕಾಲ ರೋಗಮುಕ್ತರಾಗಿ ಇಡಬಹುದೆಂದು 2006ರಲ್ಲಿ ತೋರಿಸಿದರು. 2013ರಲ್ಲಿ ಇಟಲಿ ಮತ್ತು ಜರ್ಮನಿಯ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿ ಕಣಗಳು ವಿಪರೀತ ಏರಿರದ ರೋಗಿಗಳಿಗೆ ಎರಡೂ ಔಷಧಗಳನ್ನು ಒಟ್ಟಿಗೆ ಕೊಟ್ಟಾಗ, ಎರಡು ವರ್ಷಗಳ ನಂತರ ರೋಗ ಮರುಕಳಿಸದೆ ಬದುಕಿದ್ದವರು 100ಕ್ಕೆ 97. ವಾಡಿಕೆಯ ಕೀಮೋಥೆರಪಿಯ ಅಗತ್ಯವೇ ಬೀಳಲಿಲ್ಲ.

ಕೆನಡಾಕ್ಕೆ ಬಂದ ಕೆಲವು ವರ್ಷಗಳ ಮೇಲೆ, ಲಾರಿ ಚಾಲಕರೊಬ್ಬರು ಅದೇ ನೀಲಿ ಕಲೆಗಳೊಂದಿಗೆ ನಮ್ಮ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದರು. ಸೂಕ್ಷ್ಮದರ್ಶಕದಲ್ಲಿ ಅದೇ ಸೌದೆಯ ಹೊರೆಗಳು. ಜೀನ್ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಆ ರಾತ್ರಿಯೇ ಎಟ್ರಾ ಗುಳಿಗೆಗಳನ್ನು ಆರಂಭಿಸಿದೆವು. ಈ ರೋಗದಲ್ಲಿ ಮೊದಲ ದಿನಗಳ ರಕ್ತಸ್ರಾವವೇ ಮುಖ್ಯ ಶತ್ರು. ಕೋಶಗಳು ಒಟ್ಟಿಗೆ ಬಲಿಯುವಾಗ ಜ್ವರ, ಉಸಿರಾಟದ ತೊಂದರೆ ಬರುವುದುಂಟು. ಅವರಿಗೂ ಬಂತು, ಸ್ಟೀರಾಯ್ಡ್ ಕೊಟ್ಟು ತಡೆದೆವು. ಎರಡು ವಾರಗಳ ಮೇಲೆ ಅವರ ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿದೆ. ಚೆನ್ನಾಗಿ ಬಲಿತ ನ್ಯೂಟ್ರೋಫಿಲ್‌ಗಳು. ಅವುಗಳಲ್ಲಿ ಕೆಲವುಗಳೊಳಗೆ ಆ ಸೂಜಿಯಂಥ ಕಡ್ಡಿಗಳು ಇನ್ನೂ ಇದ್ದವು. ಅಂದರೆ ಇವು ಹೊಸದಾಗಿ ಹುಟ್ಟಿದ ಆರೋಗ್ಯದ ಕಣಗಳಲ್ಲ. ನಡುದಾರಿಯಲ್ಲಿ ನಿಂತಿದ್ದ ಕ್ಯಾನ್ಸರ್ ಕೋಶಗಳೇ ಮತ್ತೆ ನಡೆಯತೊಡಗಿ, ತಾವು ಮೊದಲೇ ಹಿಡಿದಿದ್ದ ದಾರಿಯ ಕೊನೆ ಮುಟ್ಟಿದ್ದವು.

1994ರಲ್ಲಿ ಆ ಔಷಧದ ಸುದ್ದಿ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದು ಆರು ವರ್ಷಗಳಾಗಿದ್ದವು. ನಮ್ಮ ಆಸ್ಪತ್ರೆಯ ಔಷಧಾಲಯದಲ್ಲಿ ಅದು ಇರಲಿಲ್ಲ. ಅಂಥದೊಂದು ಔಷಧವಿದೆಯೆಂಬುದು ನನಗೂ ತಿಳಿದಿರಲಿಲ್ಲ.

ಓದುಗರಲ್ಲಿ ಒಂದು ವಿನಂತಿ

ಯುಗಾದಿ, ರಾಜ್ಯೋತ್ಸವದ ಕೂಟಗಳಲ್ಲಿ ಸಿಕ್ಕವರು ನನ್ನನ್ನು ಆಕರಕೋಶಗಳ ಬಗ್ಗೆ ಕೇಳುವುದುಂಟು. ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಹಣ ಕೊಟ್ಟು ಕಾಪಿಡಬೇಕೇ? ಊರಿನಲ್ಲಿರುವ ತಂದೆಯ ಪಾರ್ಶ್ವವಾಯುವಿಗೆ ಸ್ಟೆಮ್ ಸೆಲ್ ಚುಚ್ಚುಮದ್ದು ಕೊಡಿಸಬಹುದೇ? ಮೇಲಿನ ವಿವರಣೆಯಲ್ಲಿ ಉತ್ತರದ ಬಹುಪಾಲು ಇದೆ. ರಕ್ತದ ಆಕರಕೋಶವು ರಕ್ತದ ಎಲ್ಲ ಕಣಗಳೂ ಆಗಬಲ್ಲದು. ಆದರೆ ರಕ್ತದ ಕುಲಕ್ಕೆ ಅದು ಆಗಲೇ ಬದ್ಧ. ಮಜ್ಜೆಯ ಕೋಶಗಳು ಹೃದಯದ ಸ್ನಾಯುಗಳಾಗುತ್ತವೆಂದು 2001ರಲ್ಲಿ ದೊಡ್ಡ ಸುದ್ದಿಯಾಯಿತು. 2004ರಲ್ಲಿ ಎರಡು ಬೇರೆ ತಂಡಗಳು ಜಾಗ್ರತೆಯಿಂದ ಮರುಪರೀಕ್ಷಿಸಿದಾಗ ಹಾಗಾಗುವುದು ಕಾಣಲಿಲ್ಲ. ಹೊಕ್ಕುಳಬಳ್ಳಿಯ ರಕ್ತದಿಂದ 1988ರಿಂದ ರಕ್ತರೋಗಗಳಿಗೆ ಕಸಿ ಚಿಕಿತ್ಸೆ ನಡೆಯುತ್ತಿದೆ, ಅದು ನಿಜವಾದ ಉಪಯೋಗ. ಆದರೆ ಮಗುವಿಗೇ ಲ್ಯುಕೇಮಿಯಾ ಬಂದರೆ ಅದರ ಸ್ವಂತ ಹೊಕ್ಕುಳಬಳ್ಳಿಯ ರಕ್ತವನ್ನು ಸಾಮಾನ್ಯವಾಗಿ ಬಳಸುವುದಿಲ್ಲ; ರೋಗದ ಬೀಜ ಅದರಲ್ಲಿಯೂ ಇದ್ದಿರಬಹುದು. ಯಾವ ರೋಗಕ್ಕೆ, ಯಾವ ಕೋಶ, ಅದು ಏನಾಗಬೇಕೆಂಬ ನಿರೀಕ್ಷೆ ಎಂದು ಕೇಳಿ. ಉತ್ತರ ಸ್ಪಷ್ಟವಿಲ್ಲದ ಕಡೆ ಹಣ ತೆರಬೇಡಿ.

ಪೆಟ್ಟಿಲ್ಲದೆ ಮೂಡುವ ನೀಲಿ ಕಲೆಗಳು, ನಿಲ್ಲದ ಒಸಡಿನ ರಕ್ತ, ಇವುಗಳ ಜೊತೆ ಸುಸ್ತು ಅಥವಾ ಜ್ವರ ಕಂಡರೆ ವಾರಾಂತ್ಯ ಕಳೆಯಲೆಂದು ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹೆಚ್ಚಿನ ಸಲ ಕಾರಣ ಸಣ್ಣದೇ ಇರುತ್ತದೆ. ಆದರೆ ಒಂದು ರಕ್ತ ಪರೀಕ್ಷೆ, ಸೂಕ್ಷ್ಮದರ್ಶಕದ ಕೆಳಗೆ ಒಂದು ಗಾಜಿನ ತುಂಡು, ಅದೇ ರಾತ್ರಿ ಕೊಟ್ಟ ಗುಳಿಗೆ, ಇವು ಇಂದು ಒಂದು ಜೀವವನ್ನು ಉಳಿಸಬಲ್ಲವು.

ಆ ರೈತರು ಇಂದು ಎದುರಿಗೆ ಸಿಕ್ಕರೆ ಹೇಳಬೇಕಾದ ಉತ್ತರ ನನ್ನಲ್ಲಿದೆ. ನಿಮ್ಮ ಮಗಳ ಮೈಯಲ್ಲಿ ಕಣಗಳಿಗೆ ಕೊರತೆಯಿರಲಿಲ್ಲ, ಯಜಮಾನರೇ. ಅವು ಅರ್ಧ ದಾರಿ ನಡೆದು ನಿಂತಿದ್ದವು. ಅವನ್ನು ಮುಂದಕ್ಕೆ ನಡೆಸುವ ಮದ್ದು ಆಗಲೂ ಇತ್ತು, ನಮ್ಮ ಕೈಯಲ್ಲಿರಲಿಲ್ಲ.